ಅತ್ತೆಗೆ ಸಿಗದ ಹಂದಿಮರಿ

ಗ್ಲಾಫಿರಾ ಪೆತ್ರೊವ್ನಾ ನೌಕಾಪಡೆಯ ಹಂದಿಮರಿಗಳನ್ನು ಕದ್ದು ಮಾರಿಕೊಂಡಳು ಎಂಬ ಮಾತು ನಮ್ಮ ಬಂದರಿನಲ್ಲಿ ಹನ್ನೆರಡು ವರ್ಷ ಓಡಾಡಿತು. ಮೂರ್ಮನ್ಸ್ಕ್‌ನಿಂದಾಚೆ, ಬೇಲಿಯೊಳಗೆ, ಕಾವಲಿನೊಳಗೆ ಇರುವ ಊರು ನಮ್ಮದು. ಇಲ್ಲಿ ಹುಟ್ಟಿದ ಮಾತಿಗೆ ಹೊರಗೆ ಹೋಗಲು ದಾರಿಯಿಲ್ಲ, ಒಳಗೇ ಸುತ್ತುತ್ತದೆ. ರೊಟ್ಟಿಯ ಸಾಲಿನಲ್ಲಿ ಅವಳು ಬಂದು ನಿಂತರೆ ಮುಂದಿನವಳು ಬೇಕೆಂದೇ ಚೀಲವನ್ನು ಎದೆಗೆ ಅವಚಿಕೊಳ್ಳುತ್ತಿದ್ದಳು. ಊರು ಅವಳನ್ನು ಕರೆಯುತ್ತಿದ್ದದ್ದು ಗ್ಲಾಶಾ ಎಂದು. ಗ್ಲಾಶಾಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆದರೆ ಅವಳ ಬಾಯಿಗೆ ಸರ್ಕಾರವೇ ಬೀಗ ಜಡಿದಿತ್ತು.

ಅವಳು ನೌಕಾನೆಲೆಯ ಹಂದಿಗೂಡು ನೋಡಿಕೊಳ್ಳುವವಳು. ದೂರ ಸಾಗರದಿಂದ ವಾಪಸಾದ ಸಬ್‌ಮರೀನಿಗೆ ಇಡಿಯಾಗಿ ಬೇಯಿಸಿದ ಹಂದಿಮರಿಯೊಂದನ್ನು ಬಂದರುಕಟ್ಟೆಯ ಮೇಲೇ ಕೊಟ್ಟು ಬರಮಾಡಿಕೊಳ್ಳುವುದು ಯುದ್ಧದ ಕಾಲದಿಂದ ನಡೆದುಬಂದ ಪದ್ಧತಿ. ಗ್ಲಾಶಾ ಮರಿಯ ಮೈಗೆಲ್ಲ ಹುಳಿ ಕೆನೆ ಸವರಿ, ಕಿವಿಗಳು ಸೀಯದಂತೆ ಹಿಟ್ಟು ಮೆತ್ತಿ ಒಲೆಗೆ ಇಡುತ್ತಿದ್ದಳು. ಕಿವಿ ಕರಕಾದ ಮರಿಯನ್ನು ಅವಳು ಒಂದು ದಿನವೂ ಕಟ್ಟೆಗೆ ಕಳಿಸಿದವಳಲ್ಲ.

ಸಬ್‌ಮರೀನನ್ನು ನಾವು ದೋಣಿ ಎಂದೇ ಕರೆಯುವುದು. ಅವಳಿಗೆ ಹತ್ತಿರದ ದೋಣಿಯೆಂದರೆ ಒಂದೇ. ಕಾಗದದ ಮೇಲೆ ಅದಕ್ಕೊಂದು ನಂಬರಿತ್ತು, ನಾವಿಕರು ಕರೆಯುತ್ತಿದ್ದದ್ದು ‘ಅತ್ತೆ’ ಎಂದು. ತಕರಾರಿಲ್ಲದೆ ಈ ಅತ್ತೆಗೆ ದಿನ ಹೋಗುತ್ತಿರಲಿಲ್ಲ. ಇವತ್ತು ಪಂಪು ಕೆಮ್ಮಿದರೆ ನಾಳೆ ಕೊಳವೆ ಸೋರುತ್ತಿತ್ತು. ಆದರೆ ನೀರೊಳಗೆ ಇಳಿದಳೆಂದರೆ ಅವಳಷ್ಟು ಚುರುಕಿನವಳು ಇನ್ನೊಬ್ಬಳಿರಲಿಲ್ಲ. ಕ್ಷಿಪಣಿ ಹೊತ್ತು ಮೂಲೆಯಲ್ಲಿ ಅಡಗಿ ಕೂರುವ ಜಾತಿಯಲ್ಲ ಅವಳದು, ಪರದೇಶದ ಸಬ್‌ಮರೀನುಗಳ ಜಾಡು ಹಿಡಿದು ಬೇಟೆಯಾಡುವ ಜಾತಿ. ಅವಳ ಹೊಟ್ಟೆಯೊಳಗಿನ ಅಣು ರಿಯಾಕ್ಟರನ್ನು ನೋಡಿಕೊಳ್ಳುವವರಲ್ಲಿ ಗ್ಲಾಶಾಳ ಗಂಡ ಯೆಫಿಮ್ ಒಬ್ಬ. ಅತ್ತೆ ಹೊಸದಾಗಿ ಬಂದ ವರ್ಷವೇ ಅವನಿಗೆ ಇಲ್ಲಿ ಕೆಲಸವಾಯಿತು, ಅದೇ ವರ್ಷ ಮದುವೆಯೂ ಆಯಿತು. ಇಬ್ಬರು ಹೆಂಗಸರಲ್ಲಿ ಅವನು ಹೆಚ್ಚು ಸಂಸಾರ ಮಾಡಿದ್ದು ಅತ್ತೆಯ ಜೊತೆಗೇ.

ಎಲ್ಲಿಗೆ ಹೋಗಿದ್ದರು, ಏನು ಮಾಡಿದರು, ಯೆಫಿಮ್ ನಿದ್ದೆಯಲ್ಲೂ ಬಾಯಿ ಬಿಡುತ್ತಿರಲಿಲ್ಲ. ಗ್ಲಾಶಾ ಅದನ್ನು ಹಂದಿಮರಿಗಳಿಂದ ತಿಳಿಯುತ್ತಿದ್ದಳು. ಸುಮ್ಮನೆ ಹೋಗಿಬಂದರೆ ಒಂದು ಮರಿ. ಪರದೇಶದ ದೋಣಿಯೊಂದರ ಬೆನ್ನು ಹತ್ತಿ, ಅದಕ್ಕೆ ಸುಳಿವೇ ಸಿಗದಂತೆ ದಿನಗಟ್ಟಲೆ ಹಿಂಬಾಲಿಸಿ ಬಂದರೆ ಎರಡು. ಒಂದು ವಸಂತದಲ್ಲಿ ಮೂರು ಬೇಕೆಂದು ಹೇಳಿಕಳಿಸಿದರು. ಕಟ್ಟೆಗೆ ಹೋಗಿ ನೋಡಿದರೆ ಅತ್ತೆಯ ನೆತ್ತಿಯ ಬಣ್ಣವೆಲ್ಲ ಕೆರೆದುಹೋಗಿತ್ತು, ಮಂಜುಗಡ್ಡೆಯನ್ನು ಒಡೆದುಕೊಂಡು ಮೇಲೆ ಬಂದಿದ್ದಾಳೆಂದು ಕುರುಡನಿಗೂ ತಿಳಿಯುತ್ತಿತ್ತು. ಇನ್ನೊಂದು ವರ್ಷ ಒಳಗೆ ಬೆಂಕಿ ಬಿದ್ದು ಇಬ್ಬರು ಹುಡುಗರು ಹೆಣವಾಗಿ ಬಂದರು. ಆ ದಿನದ ಮರಿಯನ್ನು ಯಾರೂ ಮುಟ್ಟಲಿಲ್ಲ, ಗ್ಲಾಶಾ ಅದನ್ನು ಗೂಡಿನ ಹಿಂದೆ ಮಣ್ಣು ಮಾಡಿದಳು.

ದೋಣಿ ಬರುವ ದಿನ ಪರಮ ಗುಟ್ಟು. ಆದರೆ ಮರಿಯ ರೋಮ ಸುಡುವ ವಾಸನೆಗೆ ಯಾವ ಬೇಲಿ? ಗೂಡಿನ ಕಡೆಯಿಂದ ವಾಸನೆ ಬಂತೋ, ಬೀದಿಯ ಹೆಂಗಸರೆಲ್ಲ ನೆಲ ಒರೆಸಿ, ಕೂದಲು ಸುರುಳಿ ಮಾಡಿಕೊಂಡು ಸಿದ್ಧ. ಕೆಳಗಿನ ಮನೆಯ ರಿಮ್ಮಾಳ ಗಂಡ ಅತ್ತೆಯಲ್ಲಿ ಟಾರ್ಪಿಡೊ ನೋಡಿಕೊಳ್ಳುವವನು. ಅವಳು ಮೆಟ್ಟಿಲಿನಲ್ಲಿ ಅಡ್ಡ ಹಾಕಿ, “ಗ್ಲಾಶಾ, ಇವತ್ತು ತಲೆಗೆ ನೀರು ಹಾಕ್ಕೊಳ್ಲಾ, ಬೇಡ್ವಾ?” ಎಂದು ಕೇಳುತ್ತಿದ್ದಳು. “ನಿನ್ನ ತಲೆ, ನಿನ್ನ ನೀರು,” ಎನ್ನುತ್ತಿದ್ದಳು ಗ್ಲಾಶಾ. ರಿಮ್ಮಾಗೆ ಅಷ್ಟು ಸಾಕಾಗಿತ್ತು.

ದೇಶ ಒಡೆದು ಚೂರಾಯಿತು. ಸಂಬಳ ತಿಂಗಳುಗಟ್ಟಲೆ ಬರಲಿಲ್ಲ. ದೋಣಿಗಳ ಅಡುಗೆಮನೆಯಲ್ಲಿ ಮಿಕ್ಕಿದ್ದನ್ನು ತಿಂದು ಬೆಳೆಯುತ್ತಿದ್ದ ಹಂದಿಗಳು ಬಡಕಲಾದವು, ನಾವಿಕರೇ ತಟ್ಟೆ ನೆಕ್ಕುತ್ತಿದ್ದರೆ ಮಿಗುವುದೇನು ಮಣ್ಣು? ಅಂಥ ಹೊತ್ತಿನಲ್ಲಿ ಗುಟ್ಟು ಕಾಯುವ ಇಲಾಖೆಗೆ ರ್‍ಯಾಬಿನಿನ್ ಎಂಬ ಹೊಸ ಅಧಿಕಾರಿ ಬಂದ. ಊರಿಗೆ ಊರೇ ಹಸಿದಿದ್ದಾಗ ಅವನ ಕಣ್ಣಿಗೆ ಬಿದ್ದದ್ದು ವಾಸನೆ.

“ಗ್ಲಾಫಿರಾ ಪೆತ್ರೊವ್ನಾ, ನಿಮ್ಮ ಹಂದಿಗಳು ರಾಜ್ಯರಹಸ್ಯ ಹೊರಗೆ ಹಾಕ್ತಿವೆ,” ಎಂದ. ಅವಳು ನಕ್ಕಳು. ಅವನು ನಗಲಿಲ್ಲ.

ಅವನು ಹುಡುಕಿದ ಮದ್ದು ಇದು: ದೋಣಿ ಬರದ ದಿನಗಳಲ್ಲೂ ಆಗಾಗ ಒಂದು ಮರಿ ಕೊಯ್ದು ಸುಡಬೇಕು. ಆಗ ಯಾವುದು ನಿಜ, ಯಾವುದು ಸುಳ್ಳು ಎಂದು ಯಾರಿಗೂ ತಿಳಿಯುವುದಿಲ್ಲ. ಮಾಂಸ ಹಿಂಬಾಗಿಲಿನಿಂದ ಮುಖ್ಯಕಚೇರಿಯ ಊಟದ ಮನೆಗೆ ಹೋಗಬೇಕು. ಈ ವಿಷಯ ಗಂಡನಿಗೂ ಹೇಳಕೂಡದು ಎಂದು ಸಹಿ ಹಾಕಿಸಿಕೊಂಡ. ಅಷ್ಟು ಮರಿಗಳಿಲ್ಲ, ಹೆಣ್ಣುಹಂದಿಗಳಿಗೆ ಮೇವೇ ಇಲ್ಲ ಎಂದು ಗ್ಲಾಶಾ ಪರಿಪರಿಯಾಗಿ ಹೇಳಿದಳು. “ಮರಿ ಹಾಕಿಸೋದು ನಿಮ್ಮ ಕೆಲಸ. ಗುಟ್ಟು ನನ್ನ ಕೆಲಸ,” ಎಂದು ಅವನು ಕೈ ತೊಳೆದುಕೊಂಡ.

ಆ ಚಳಿಗಾಲ ಅತ್ತೆ ಹೊರಗಿದ್ದಳು. ಗೂಡಿನ ಕಡೆಯಿಂದ ವಾಸನೆ ಬಂತು, ಹೆಂಗಸರು ಸಿಂಗರಿಸಿಕೊಂಡು ಗುಡ್ಡದ ಮೇಲೆ ಹಿಮಗಾಳಿಯಲ್ಲಿ ನಿಂತರು. ದೋಣಿ ಬರಲಿಲ್ಲ. ಇನ್ನೊಂದು ಸಲವೂ ಹಾಗೇ ಆಯಿತು. ಮೂರನೆಯ ಸಲ ರಿಮ್ಮಾ ಗ್ಲಾಶಾಳ ಬಾಗಿಲ ಮುಂದೆ ಉಗಿದು ಹೋದಳು. ಮರಿ ಕೊಯ್ದಿದ್ದು ನಿಜ, ದೋಣಿ ಬಾರದ್ದೂ ನಿಜ, ಮೂರ್ಮನ್ಸ್ಕ್ ಸಂತೆಯಲ್ಲಿ ಹಂದಿಮಾಂಸಕ್ಕೆ ಬಂಗಾರದ ಬೆಲೆ. ಮಾಂಸ ಎಲ್ಲಿಗೆ ಹೋಯಿತೆಂದು ಊಹಿಸಲು ಜನಕ್ಕೆ ಎಷ್ಟು ಹೊತ್ತು ಬೇಕು?

ಕೊನೆಯ ಮರಿಯನ್ನು ಕೊಯ್ದ ಮರುದಿನವೇ ಅತ್ತೆ ಬಂದಳು. ಗ್ಲಾಶಾ ಮುಖ್ಯಕಚೇರಿಯ ಊಟದ ಮನೆಗೆ ಓಡಿದಳು, ಅಲ್ಲಿ ಉಳಿದಿದ್ದು ಮೂಳೆ. ಏನಾದರೂ ಹೊಂದಿಸಿ ಎಂದ ರ್‍ಯಾಬಿನಿನ್, ಕೈಗಡಿಯಾರ ನೋಡಿಕೊಳ್ಳುತ್ತ. ಹಿತ್ತಾಳೆಯ ದೊಡ್ಡ ತಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ನಡುವೆ ಡಬ್ಬಿ ಮಾಂಸದ ಒಂದು ಡಬ್ಬಿ ಇಟ್ಟರು. ಅತ್ತೆಯ ಕಪ್ತಾನ ಸೆಲ್ಯೂಟ್ ಹೊಡೆದು ಅದನ್ನು ತೆಗೆದುಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಯಾರೂ ನಗಲಿಲ್ಲ. ತಿಂಗಳುಗಟ್ಟಲೆ ಬಿಸಿಲು ಕಾಣದೆ ಬಿಳಿಚಿಕೊಂಡಿದ್ದ ಯೆಫಿಮ್ ಡಬ್ಬಿಯನ್ನು ನೋಡಿದ, ಹೆಂಡತಿಯನ್ನು ನೋಡಿದ.

ಮರಿಗಳೇನಾದವು ಎಂದು ಮನೆಯಲ್ಲಿ ಕೇಳಿದ. ರೋಗ ಬಂತು ಎಂದಳು. ಹೊರಗೆ ಹೋದರೆ ಯಾವ ರೋಗವೂ ಬಂದಿಲ್ಲವೆಂದು ಊರೇ ಹೇಳುತ್ತಿತ್ತು. ಅವನು ಮತ್ತೆ ಕೇಳಲಿಲ್ಲ. ಆದರೆ ಅಂದಿನಿಂದ ಅವಳು ಮಾಂಸ ಬಡಿಸಿದರೆ ತಟ್ಟೆ ಪಕ್ಕಕ್ಕೆ ಸರಿಸಿ ಆಲೂಗಡ್ಡೆ ತಿನ್ನುತ್ತಿದ್ದ. ಗ್ಲಾಶಾಗೆ ಊರ ಮಾತಿಗಿಂತ ಆ ಆಲೂಗಡ್ಡೆಯೇ ಹೆಚ್ಚು ಉರಿಸುತ್ತಿತ್ತು.

ಅತ್ತೆ ಮತ್ತೆ ಸಮುದ್ರಕ್ಕೆ ಇಳಿಯಲಿಲ್ಲ. ರಿಯಾಕ್ಟರಿಗೆ ಹೊಸ ಇಂಧನ ಹಾಕಲು ಸರ್ಕಾರದ ಬಳಿ ಹಣವಿರಲಿಲ್ಲ, ಇದು ಎಲ್ಲರಿಗೂ ಗೊತ್ತು. ಆದರೂ ಅತ್ತೆಯನ್ನು ಮರಿಯಿಲ್ಲದೆ, ಹಸಿದ ಹೊಟ್ಟೆಯಲ್ಲಿ ಬರಮಾಡಿಕೊಂಡಿದ್ದಕ್ಕೇ ಹೀಗಾಯಿತು ಎಂದರು ಊರವರು. ಅವಳು ಕಟ್ಟೆಯಲ್ಲಿ ತುಕ್ಕು ಹಿಡಿದು, ಹಿಂಭಾಗ ಮುಳುಗದಿರಲೆಂದು ತೊಟ್ಟಿಗಳಿಗೆ ಗಾಳಿ ತುಂಬಿಸಿಕೊಂಡು ನಿಂತೇ ಇದ್ದಳು. ರ್‍ಯಾಬಿನಿನ್‌ಗೆ ಬಡ್ತಿ ಸಿಕ್ಕಿತು, ಅವನು ರಾಜಧಾನಿಗೆ ಹೋದ.

ಕೊನೆಗೆ ಒಂದು ಬೇಸಿಗೆಯಲ್ಲಿ ಅತ್ತೆಯನ್ನು ಎಳೆದುಕೊಂಡು ಹೋಗಿ ಕತ್ತರಿಸಿದರು. ಪತ್ರಿಕೆಯಲ್ಲಿ ಚಿತ್ರ ಬಂತು. ಉದ್ದ, ವೇಗ, ಎಷ್ಟು ಆಳಕ್ಕೆ ಇಳಿಯುತ್ತಿದ್ದಳು, ಗುಟ್ಟೆನಿಸಿದ್ದೆಲ್ಲ ಅಚ್ಚಾಗಿತ್ತು. ಗ್ಲಾಶಾ ಮೀನು ಕೊಂಡಾಗ ಅಂಗಡಿಯವಳು ಅದೇ ಹಾಳೆಯಲ್ಲಿ ಸುತ್ತಿಕೊಟ್ಟಳು.

ಮನೆಗೆ ಬಂದು ಮೀನನ್ನು ಮೇಜಿನ ಮೇಲೆ ಕುಕ್ಕಿ, ಗಂಡನ ಮುಂದೆ ಕೂತು ಎಲ್ಲ ಹೇಳಿದಳು. ಸುಳ್ಳು ದಿನಗಳು, ಸಹಿ, ಹಿಂಬಾಗಿಲು, ಮೂಳೆ, ಒಂದನ್ನೂ ಬಿಡಲಿಲ್ಲ. ಹೇಳುತ್ತಿದ್ದಂತೆಯೇ ಯೆಫಿಮ್ ಎದ್ದು ಕಿಟಕಿ ಮುಚ್ಚಿದ.

“ಅಂದ್ರೆ ನೀನು ಮಾರಿರ್ಲಿಲ್ಲ.”

“ಹನ್ನೆರಡು ವರ್ಷ ಅದನ್ನೇ ಅಂದ್ಕೊಂಡು ನನ್ನ ಪಕ್ಕ ಮಲಗಿದ್ಯಾ?”

ಅವನು ತಲೆ ತಗ್ಗಿಸಿದ. “ಸಹಿ ಹಾಕಿದ್ಮೇಲೆ ಈಗ್ಲೂ ಹೇಳ್ಬಾರ್ದಿತ್ತು, ಗ್ಲಾಶಾ. ಮೆಲ್ಲಗೆ ಮಾತಾಡು,” ಎಂದ.

ಅವಳು ಅವನನ್ನೇ ದಿಟ್ಟಿಸಿದಳು. “ಸರಿ, ನಂದು ನಾನು ಹೇಳ್ದೆ. ಈಗ ನಿಂದು ಹೇಳು. ಆ ಚಳಿಗಾಲ ಎಲ್ಲಿಗೆ ಹೋಗಿದ್ರಿ?”

ಯೆಫಿಮ್ ಕಿಟಕಿಯ ಚಿಲಕ ಬಿದ್ದಿದೆಯೇ ಎಂದು ನೋಡಿದ. “ಸಮುದ್ರಕ್ಕೆ,” ಎಂದ.

ಗ್ಲಾಶಾ ಎದ್ದು ಕಿಟಕಿಯ ಎರಡೂ ಬಾಗಿಲು ತೆರೆದಳು. ಕೆಳಗೆ ಅಂಗಳದಲ್ಲಿ ರಿಮ್ಮಾ ಬಟ್ಟೆ ಒಣಹಾಕುತ್ತಿದ್ದಳು. ಗ್ಲಾಶಾ ಸೊಂಟದವರೆಗೂ ಹೊರಗೆ ಬಾಗಿ, “ರಿಮ್ಮಾ, ಆ ಚಳಿಗಾಲದ ಮರಿಗಳು ಎಲ್ಲಿ ಹೋದ್ವು, ಹೇಳ್ತೀನಿ ಕೇಳಿಸ್ಕೋ,” ಎಂದು ಶುರುಮಾಡಿದಳು. ಹಿಂದೆ ಯೆಫಿಮ್ ರೇಡಿಯೊದ ಸದ್ದು ಜೋರು ಮಾಡಿದ.