ನಲವತ್ತೆರಡು ಫಾರಂ, ಒಂದೇ ಕೈ

ಗಂಗವ್ವನನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಕೇಳದೆಯೇ ಅವಳು ಹೇಳಿದಳೆಂದು ಸರ್ಕಾರಿ ಕಾಗದದ ಮೇಲೆ ಬರೆದೆ. ಅವಳು ನನ್ನ ಒಡಹುಟ್ಟಿದ ತಂಗಿ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು, ಬರವಣಿಗೆ ನನ್ನ ಕೆಲಸವಲ್ಲ. ಅಂದು ಬರೆದದ್ದನ್ನು ಒಪ್ಪಿಕೊಳ್ಳಲು ಇಂದು ಮತ್ತೆ ಬರೆಯುತ್ತಿದ್ದೇನೆ.

ಆರು ವರ್ಷದ ಹಿಂದೆ ನಾನು, ಈಗಿನಂತೆಯೇ, ಬ್ಯಾಡಗಿ ಕಡೆಯ ಒಂದು ಕಾಲೇಜಿನಲ್ಲಿ ಜವಾನನಾಗಿದ್ದೆ. ಮನೆ ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಲ್ಲಿ. ದಿನಾ ಎರಡು ಬಸ್ಸು ಹತ್ತಿ ಬರುವುದು, ಎರಡು ಬಸ್ಸು ಹತ್ತಿ ಹೋಗುವುದು. ಕಾಲೇಜಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಆ ವರ್ಷ ಹಾವೇರಿಯಿಂದ ಪತ್ರ ಬಂತು: ನಮ್ಮಲ್ಲಿ ಕಮ್ಯುನಿಟಿ ಕಾಲೇಜು ಶುರುವಾಗಬೇಕು. ಅಂದರೆ ಬಿ.ಎ., ಬಿ.ಕಾಂ. ಅಲ್ಲ. ಊರಿನ ಕಸುಬನ್ನೇ ಪಾಠ ಮಾಡಿ ಒಂದು ವರ್ಷದ ಡಿಪ್ಲೊಮಾ ಕೊಡುವುದು. ವಯಸ್ಸಿನ ಕಟ್ಟಿಲ್ಲ, ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು. ನಮಗೆ ಬಂದದ್ದು ಮೆಣಸಿನಕಾಯಿಯ ಕೋರ್ಸು: ಕಾಯಿಯ ದರ್ಜೆ ಬೇರ್ಪಡಿಸುವುದು, ತೇವ ಅಳೆಯುವುದು, ಕೋಲ್ಡ್ ಸ್ಟೋರೇಜಿನಲ್ಲಿ ಕೆಡದಂತೆ ಇಡುವುದು.

ಆ ಯೋಜನೆಯಲ್ಲಿ ಒಂದು ಒಳ್ಳೆಯ ನಿಯಮವಿತ್ತು. ಪಾಠದ ವೇಳೆಯನ್ನು ಕಾಲೇಜು ತನ್ನಷ್ಟಕ್ಕೆ ಗೊತ್ತುಮಾಡುವಂತಿಲ್ಲ. ದುಡಿಯುವ ಹೆಣ್ಣುಮಕ್ಕಳ ಮನೆಗೆ ಹೋಗಿ, ಯಾವ ವೇಳೆ ಅನುಕೂಲವೆಂದು ಕೇಳಿ, ಸರ್ವೆ ಫಾರಂ ತುಂಬಿಸಿ, ಸಹಿ ಮಾಡಿಸಬೇಕು.

ಪ್ರಿನ್ಸಿಪಾಲ್ ಮೇಡಂ ಒಬ್ಬೊಬ್ಬಳ ಹೆಸರು ಬರೆದಿದ್ದ ನಲವತ್ತೆರಡು ಫಾರಂ ನನ್ನ ಕೈಗಿಟ್ಟರು. "ಈರಣ್ಣ, ಮನಿಮನಿಗೆ ಹೋಗ್ಬೇಕ್ರಿ. ಕಟ್ಟಿ ಮ್ಯಾಲೆ ಕುಂತು ಬರದು ತಂದುಗಿಂದೀರಿ!" ಅಂದು ನಕ್ಕರು. ನಾನೂ ನಕ್ಕೆ.

ಹೆಣ್ಣುಮಕ್ಕಳು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಮಾರುಕಟ್ಟೆಗೆ ಮಾಲು ಬಂದ ದಿನ ಮುಂಜಾನೆಯಿಂದ ಕಾಯಿಯ ತೊಟ್ಟು ಬಿಡಿಸುವ ಕೆಲಸ. ಆ ದಿನ ಹೋಗದಿದ್ದರೆ ಜಾಗ ಇನ್ನೊಬ್ಬಳ ಪಾಲು. ಹಾಗಾಗಿ ಎಲ್ಲರೂ ಸಂಜೆಯೇ ಅನ್ನುತ್ತಿದ್ದರು. ಸಂಜೆ ಪಾಠವಾದರೆ ಬೀಗ ಹಾಕುವವನು ನಾನು. ನನಗೆ ಕುಪ್ಪೇಲೂರಿನ ಕೊನೆಯ ಬಸ್ಸು ಸಿಗುತ್ತಿರಲಿಲ್ಲ.

ಮಧ್ಯಾಹ್ನ ಸೈಕಲ್ ಸ್ಟ್ಯಾಂಡಿನ ನೆರಳಲ್ಲಿ ಕುಳಿತು ನಲವತ್ತೆರಡಕ್ಕೂ 'ಮುಂಜಾನೆ ಹತ್ತರಿಂದ ಸಂಜೆ ನಾಲ್ಕು' ಎಂದು ಬರೆದೆ. ಸಹಿಗಳನ್ನು ಒಂದು ಸೊಟ್ಟಗೆ, ಒಂದು ನೆಟ್ಟಗೆ ಮಾಡಿದೆ. ಕೊನೆಯ ಫಾರಂ ಗಂಗವ್ವನದು. ಅದಕ್ಕೂ ಅದನ್ನೇ ಬರೆದು ಅವಳ ಸಹಿ ಮಾಡಿದೆ.

ಕೋರ್ಸು ಶುರುವಾಯಿತು. ಇಪ್ಪತ್ತಾರು ಜನ ಸೇರಿದರು, ಅವರಲ್ಲಿ ಗಂಗವ್ವನೂ ಒಬ್ಬಳು. ಅವಳನ್ನು ಬ್ಯಾಡಗಿಗೇ ಕೊಟ್ಟಿತ್ತು. ಹತ್ತು ವರ್ಷ ಕಾಯಿಯ ರಾಶಿಯ ಮುಂದೆ ಕುಳಿತಿದ್ದವಳು. "ನೆಲದಾಗ ಕುಂತಿದ್ದು ಸಾಕಾತು ಅಣ್ಣಾ. ಇನ್ನ ನಿಂತು ಕೆಲಸ ಮಾಡಾಕಿ ನಾ" ಅನ್ನುತ್ತಿದ್ದಳು. ಡಿಪ್ಲೊಮಾ ಆದರೆ ದರ್ಜೆ ನೋಡುವ ಸೂಪರ್‌ವೈಸರ್ ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಒಂದು ಕೋಲ್ಡ್ ಸ್ಟೋರೇಜಿನವರು ಹೇಳಿದ್ದರು.

ಒಂದು ದಿನ ಮೇಷ್ಟ್ರು ತೇವ ಅಳೆಯುವ ಯಂತ್ರ ತಂದರು. ಗಂಗವ್ವ ಒಂದು ಕಾಯಿ ಬಗ್ಗಿಸಿ, ಕಿವಿಯ ಹತ್ತಿರ ಹಿಡಿದು ಅಲುಗಿಸಿ, "ತೇವಾ ನೂರಕ್ಕ ಹನ್ನೊಂದರ ಆಸುಪಾಸು ಐತ್ರಿ" ಅಂದಳು. ಯಂತ್ರ ಹನ್ನೊಂದನ್ನೇ ತೋರಿಸಿತು. "ಯಂತ್ರಾ ವಾಪಸ್ ಕಳಸ್ರಿ ಸರ, ಗಂಗಕ್ಕನ್ನ ಮೇಜಿನ ಮ್ಯಾಲೆ ಕುಂದ್ರಸ್ರಿ" ಎಂದು ಹಿಂದಿನ ಬೆಂಚಿನವಳು ಕೂಗಿದಳು. ಬಾಗಿಲಲ್ಲಿ ನಿಂತಿದ್ದ ನನಗೂ ಹೆಮ್ಮೆಯಾಯಿತು.

ಸುಗ್ಗಿ ಬಂದು ಮಾರುಕಟ್ಟೆ ತುಂಬಿತು. ಬೆಂಚುಗಳು ಖಾಲಿಯಾದವು. ಗಂಗವ್ವ ಮಾಲು ಬಾರದ ದಿನ ಮಾತ್ರ ಬರುತ್ತಿದ್ದಳು. "ಅಣ್ಣಾ, ಸಂಜೀಕ ಯಾಕ ಇಡಲಿಲ್ಲ?" ಎಂದು ಒಮ್ಮೆ ಕೇಳಿದಳು. "ಎಲ್ಲಾರೂ ಮುಂಜಾನೇನ ಬೇಕಂದಾರವಾ" ಅಂದೆ. ಅವಳು ನಂಬಿದಳು. ನನ್ನ ಮಾತು ಅವಳಿಂದ ಉಳಿದವರಿಗೂ ಹೋಯಿತು. ಕೇಳುವುದು ಬಿಟ್ಟುಹೋದದ್ದು ತನ್ನೊಬ್ಬಳನ್ನೇ, ವೇಳೆ ಹೊಂದದಿರುವುದೂ ತನಗೊಬ್ಬಳಿಗೇ ಎಂದು ಒಬ್ಬೊಬ್ಬಳೂ ತಿಳಿದು ಸುಮ್ಮನೆ ಬಿಟ್ಟಳು.

ಹಾಜರಿ ಸಾಲದೆ ಗಂಗವ್ವನನ್ನು ಪರೀಕ್ಷೆಗೆ ಕೂಡಿಸಲಿಲ್ಲ. 'ಸ್ಥಳೀಯರಿಗೆ ಆಸಕ್ತಿ ಇಲ್ಲ' ಎಂದು ವರದಿ ಹೋಗಿ ಕೋರ್ಸೂ ನಿಂತಿತು. ಗಂಗವ್ವ ಪುಸ್ತಕಗಳನ್ನು ನನ್ನ ಕೈಗೆ ಕೊಟ್ಟು, "ಸರ್ಕಾರ ಕೇಳೇ ಟೈಮ್ ಇಟ್ಟಿತ್ತು. ನನಗ ದಕ್ಕಲಿಲ್ಲ, ಅದಕ್ಕ ಯಾರೇನ್ ಮಾಡ್ತಾರ ಬಿಡಣ್ಣಾ" ಅಂದಳು. ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅವಳು ಮತ್ತೆ ಕಾಯಿಯ ರಾಶಿಯ ಮುಂದೆ ಕುಳಿತಳು.

ಈ ವರ್ಷ ಅದೇ ಕೋರ್ಸಿಗೆ ಇನ್ನೊಮ್ಮೆ ಪತ್ರ ಬಂದಿದೆ. ಹೊಸ ಪ್ರಿನ್ಸಿಪಾಲರು ಹಳೆಯ ಫೈಲು ತೆರೆದರು. "ಎಲ್ಲಾರೂ ಹತ್ತು ಗಂಟೆ ಅಂತ ಬರಸ್ಯಾರ. ಮತ್ತ ಯಾಕ ಬರಲಿಲ್ಲ ಈರಣ್ಣ?" ಮೇಜಿನ ಮೇಲೆ ನಲವತ್ತೆರಡು ಫಾರಂ, ಒಂದೇ ನೀಲಿ ಶಾಯಿ, ಒಂದೇ ಸೊಟ್ಟ ಅಕ್ಷರ. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಫೈಲು ಮುಚ್ಚಿಟ್ಟರು. "ನಿಮ್ಮ ಮ್ಯಾಲೆ ಏನು ಕ್ರಮ ತಗೋಬೇಕೋ ಆಮೇಲೆ ನೋಡ್ತೀನಿ. ಮೊದಲ ಆ ಹೆಣ್ಣಮಕ್ಕಳಿಗೆ ಹೇಳ್ರಿ" ಎಂದು ಖಾಲಿ ಫಾರಂಗಳನ್ನು ಕೊಟ್ಟರು.

ಈ ನೌಕರಿ ನನಗೆ ಕಲಿಸಿದ್ದು ಇಷ್ಟೇ. ಹಳ್ಳಿಗೆ ಬೇಕಾದದ್ದನ್ನು ಸರ್ಕಾರ ಒಮ್ಮೊಮ್ಮೆ ಸರಿಯಾಗಿಯೇ ಯೋಚಿಸುತ್ತದೆ. ಆದರೆ ಅದು ಬಾಗಿಲಿಗೆ ಮುಟ್ಟುವುದು ನನ್ನಂಥವನ ಕೈಯಿಂದ. ಕಟ್ಟಕಡೆಯ ಆ ಕೈ ಕೇಳದೆ ಬರೆದರೆ, ಕೆಟ್ಟ ಹೆಸರು ಯಾರನ್ನು ಕೇಳಲಿಲ್ಲವೋ ಅವರಿಗೇ ಬರುತ್ತದೆ.

ಮರುದಿನ ಗಂಗವ್ವ ಕೆಲಸ ಮಾಡುವ ಅಂಗಳಕ್ಕೆ ಹೋದೆ. ಕೆಂಪು ರಾಶಿಯ ಸುತ್ತ ಹೆಂಗಸರು ಘಾಟಿಗೆ ಸೆರಗನ್ನು ಮೂಗಿಗೆ ಕಟ್ಟಿ ಕುಳಿತಿದ್ದರು. ನನಗೆ ಸೀನು ಬಂತು. ನನ್ನ ಕೈಯಲ್ಲಿನ ಕಾಗದ ನೋಡಿ ಒಬ್ಬಳು, "ಸರ್ಕಾರ ಬಂತ್ ನೋಡ್ರೆ, ಸೀನಾಕತ್ತೈತಿ!" ಅಂದಳು. ಎಲ್ಲರೂ ನಕ್ಕರು. ಗಂಗವ್ವ ಸೆರಗು ಇಳಿಸಿ, "ಏನಣ್ಣಾ, ಹಿಂಗ್ಯಾಕ ನಿಂತಿ?" ಎಂದು ಕೇಳಿದಳು.

ಎಲ್ಲರಿಗೂ ಕೇಳುವಂತೆ ಹೇಳಿದೆ: "ಗಂಗಾ, ಆವಾಗ ಯಾರೂ ಮುಂಜಾನೆ ಅಂದಿದ್ದಿಲ್ಲ. ನಾ ಯಾರ್ನೂ ಕೇಳೇ ಇಲ್ಲ. ನನ್ನ ಬಸ್ಸಿನ ಸಲುವಾಗಿ ನಿಮ್ಮೆಲ್ಲಾರ ಹೆಸರಿಲೆ ನಾನ ಬರದೆ. ನಿನ್ನ ಸಹೀನೂ ನಾನ ಮಾಡಿದೆ. ಡಿಪ್ಲೊಮಾ ಹೋಗಿದ್ದು ನಿನ್ನಿಂದಲ್ಲ, ನನ್ನಿಂದ. ತಪ್ಪಾತವಾ ತಂಗಿ."