ದೀಪ ಆರಿಸಿದ ಕೋಣೆ

ಭೀಮುವಿನಂಥ ಸಂಶಯದ ಪಿಶಾಚಿಯನ್ನು ನಾನು ಈ ಮರಾಠಿ ಸೀಮೆಯ ಕೊಂಢವಾದಲ್ಲಿ ಇನ್ನೊಬ್ಬನನ್ನು ಕಂಡಿಲ್ಲ. ಅವನ ಹೆಂಡತಿ ಶಿವಕಾಂತಾ ನಮ್ಮ ಪಕ್ಕದ ಮನೆಯವಳು. ಗೋಡೆ ಕಟ್ಟುವ ಗೌಂಡಿ ಕಾಶಪ್ಪನ ಮಗಳು, ಓದಿ ಒಂದು ಪ್ರಯೋಗಾಲಯದಲ್ಲಿ ಕೆಲಸ ಹಿಡಿದಿದ್ದಳು. ಉಪ್ಪಿನ ಗದ್ದೆಯ ನೀರಲ್ಲಿ ಬದುಕುವ ಸೂಕ್ಷ್ಮಜೀವಿಗಳಿಗೆ ಹೊಳೆಯುವ ಬಣ್ಣ ಹಚ್ಚಿ, ದೊಡ್ಡ ಸೂಕ್ಷ್ಮದರ್ಶಕದಲ್ಲಿ ಅವುಗಳ ಚಿತ್ರ ತೆಗೆಯುವ ಕೆಲಸ. ಬೆಳಕು ತಗುಲಿದರೆ ಬಣ್ಣ ಮಂಕಾಗುತ್ತದೆ. ಹಾಗಾಗಿ ಬಾಗಿಲು ಹಾಕಿ, ದೀಪ ಆರಿಸಿಯೇ ಕೂಡಬೇಕು.

ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು.

"ಕತ್ತಲಾಗ ಯಾರ ಜೋಡಿ ಕುಂದರ್ತಿ?" ಎಂದ ಭೀಮು.

"ಒಮ್ಮೊಮ್ಮೆ ಕಿಶೋರ್ ಸರ್ ಇರ್ತಾರ್ರಿ."

ಉತ್ತರಕ್ಕೆ ಬೆಲ್ಟು ಬಂತು. ಆಮೇಲೆ ಅವಳ ಬೆನ್ನಿಗೆ ಬಿಡುವೇ ಇರಲಿಲ್ಲ. ಅತ್ತೆ ಸಾಬವ್ವ ಬಾಸುಂಡೆಗೆ ಅರಿಷಿಣ ಹಚ್ಚುತ್ತ, "ನೌಕರಿ ಬಿಟ್ಟುಬಿಡವಾ" ಎನ್ನುವಳು. ಶಿವಕಾಂತಾ ಬಿಡಲಿಲ್ಲ, ಆ ಕೆಲಸವೇ ಅವಳ ಜೀವವಾಗಿತ್ತು. "ಕೆಲವು ಜೀವಿ ನೆಲದ ಫರಸಿಗಲ್ಲಿನ ಹಂಗ ಚೌಕ ಇರ್ತಾವ ಭಾಗ್ಯಕ್ಕಾ, ಅಂಚಿಗೆ ಹಸಿರು ಬೆಳಕು. ಭಾಳ ಚಂದ" ಎಂದು ನನಗೆ ಹೇಳುವಾಗ ಬೆನ್ನಿನ ಉರಿಯನ್ನೂ ಮರೆಯುತ್ತಿದ್ದಳು.

ಹೋದ ತಿಂಗಳು ಒಂದು ಮಧ್ಯಾಹ್ನ ಭೀಮು, ಊಟದ ಡಬ್ಬಿ ಕೊಡಬೇಕೆಂದು ಕಾವಲುಗಾರನಿಗೆ ಸುಳ್ಳು ಹೇಳಿ ಪ್ರಯೋಗಾಲಯಕ್ಕೆ ನುಗ್ಗಿದ. ಮುಚ್ಚಿದ ಬಾಗಿಲನ್ನು ಒದ್ದು ದೀಪ ಹಾಕಿದ. ಒಳಗೆ ಶಿವಕಾಂತಾಳ ಜೊತೆ ಇದ್ದವಳು ಅನುಜಾ ಎಂಬ ಹುಡುಗಿ. ಅಲ್ಲಿಗಾದರೂ ಅವನ ಸಿಟ್ಟು ಇಳಿಯಬೇಕಿತ್ತಲ್ಲ? ಮುಖಭಂಗವಾಗಿ ಇನ್ನಷ್ಟು ಏರಿತು. ಉಪ್ಪುನೀರಿನ ಗಾಜಿನ ಬಾಟಲಿ ಎತ್ತಿ ಹೆಂಡತಿಯ ಮುಖಕ್ಕೆ ಅಪ್ಪಳಿಸಿದ. ಚೂರು ಎಡಗಣ್ಣಿಗೆ ಹೊಕ್ಕಿತು. ಉಪ್ಪುನೀರು, ರಕ್ತ ಒಟ್ಟಿಗೆ ಹರಿದವು. ಒಡೆದ ಬಾಟಲಿಯನ್ನು ಮತ್ತೆ ಎತ್ತಿದ್ದನಂತೆ. ಅನುಜಾ ಸ್ಟೂಲಿನಿಂದ ಅವನ ತಲೆಗೆ ಬಡಿದು ಕೆಡವದಿದ್ದರೆ ಇನ್ನೊಂದು ಕಣ್ಣೂ ಹೋಗುತ್ತಿತ್ತು. ಅವಳ ಕೈ ತಣ್ಣಗಿರಲಿ.

ಎಡಗಣ್ಣು ಉಳಿಯಲಿಲ್ಲ. ಸಾಬವ್ವ ಆಸ್ಪತ್ರೆಗೆ ಬಂದು ಸೆರಗು ಒಡ್ಡಿದಳು.

"ಕೇಸ್ ಬ್ಯಾಡ ನನ್ನವ್ವ. ಹೆಂಗೂ ಕಣ್ಣು ಹೋತು, ಆ ಕೆಲಸಾನೂ ಮುಗೀತು. ಮನಿಯಾಗ ಇರು, ಇನ್ನ ಅವ ಬಡಿಯಂಗಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಶಿವಕಾಂತಾ ಮಾತ್ರ ಮೆಲ್ಲಗೆ ಹೇಳಿದಳು: "ಸೂಕ್ಷ್ಮದರ್ಶಕದಾಗ ಒಂದ ಕಣ್ಣೀಲೆ ನೋಡಬಹುದ್ರಿ, ಅತ್ತಿ. ನಾ ಕೆಲಸಕ್ಕ ಹೋಗ್ತೀನಿ. ಕೇಸೂ ಮಾಡ್ತೀನಿ."

ಸಾಬವ್ವ ಒಡ್ಡಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ಹೋದಳು. ಮರುದಿನ ನನ್ನನ್ನು ಕರೆದುಕೊಂಡು ತಾನೇ ಠಾಣೆಗೆ ನಡೆದಳು. ಮಗ ಬಡಿದದ್ದನ್ನೆಲ್ಲ ಅವಳು ಕನ್ನಡದಲ್ಲಿ ಹೇಳಿದಳು, ನಾನು ಮರಾಠಿಯಲ್ಲಿ ಬರೆಸಿದೆ. ಹೆಬ್ಬೆಟ್ಟು ಒತ್ತುವಾಗ ನನ್ನ ಕಿವಿಯಲ್ಲಿ ಅಂದಳು:

"ಭೀಮೂನ ಅಪ್ಪನೂ ನನಗ ಹಿಂಗ ಬಡೀತಿದ್ದ. ಅದನ್ನ ಬರಸಬ್ಯಾಡ ಭಾಗ್ಯಾ, ಅವ ಸತ್ತಾನ."