ಅಪ್ಪನ ಆಸ್ಪತ್ರೆ ಪುಸ್ತಕ

ಆರೋಗ್ಯ ವಿಮಾ ಕಂಪನಿಗಳು ಸುಧಾರಣೆಯ ಹೆಸರಿನಲ್ಲಿ ನಮಗೆ ಸುಳ್ಳು ಹೇಳಿವೆ. ಬಾಯಿ ತಪ್ಪಿ ಬಂದ ಸುಳ್ಳಲ್ಲ ಅದು; ನುಣುಪು ಕಾಗದದಲ್ಲಿ ಅಚ್ಚು ಹಾಕಿಸಿ, ಸಭೆ ಕರೆದು, ಧ್ವನಿವರ್ಧಕದಲ್ಲಿ ಓದಿಸಿದ ಸುಳ್ಳು. ಅದನ್ನು ಓದಿದವಳು ನಾನು.

ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ಭದ್ರಾವತಿಯ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದಾಗ ಕ್ವಾರ್ಟರ್ಸಿನ ಜೊತೆ ಕಾರ್ಖಾನೆ ಆಸ್ಪತ್ರೆಯೂ ನಮ್ಮ ಕೈತಪ್ಪಿತು. ಕೆಲವು ವರ್ಷಗಳ ನಂತರ ಒಂದು ಖಾಸಗಿ ವಿಮಾ ಕಂಪನಿ ಸಮುದಾಯ ಭವನದಲ್ಲಿ ನಿವೃತ್ತರ ಸಭೆ ಕರೆಯಿತು. ಅಧಿಕಾರಿಗೆ ಕನ್ನಡ ಬಾರದು. ಎಂ.ಎ. ಓದುತ್ತಿದ್ದ ನನ್ನ ಕೈಗೆ ಕನ್ನಡದ ಕರಪತ್ರ ಕೊಟ್ಟರು. ದೇಶದ ಆರೋಗ್ಯ ವ್ಯವಸ್ಥೆ ಸುಧಾರಿಸುತ್ತಿದೆ, ಇನ್ನು ಸರ್ಕಾರಿ ಆಸ್ಪತ್ರೆಯ ಸಾಲು ಬೇಕಿಲ್ಲ, ಕಾರ್ಡು ತೋರಿಸಿದವರನ್ನು ಯಾವ ಬಾಗಿಲಲ್ಲೂ ಕಾಯಿಸುವುದಿಲ್ಲ ಎಂದು ಅದರಲ್ಲಿತ್ತು. ಸ್ಪಷ್ಟವಾಗಿ, ಭಾವ ತುಂಬಿ ಓದಿದೆ.

ಅಪ್ಪನ ಜೊತೆ ಫರ್ನೇಸಿನಲ್ಲಿ ದುಡಿದ ಗೆಳೆಯರೊಬ್ಬರು ಮಾತ್ರ ಅಪ್ಪನತ್ತ ತಿರುಗಿ ನಕ್ಕರು. "ಏನ್ ಮಾರಾಯ, ಕಾರ್ಡ್ ನೋಡಿದ್ರೆ ಕಾಯಿಲೆನೂ ಸೆಲ್ಯೂಟ್ ಹೊಡೆಯುತ್ತಾ?"

ಮರುದಿನ ಏಜೆಂಟರು ಮನೆಗೆ ಬಂದರು. ಮೊದಲೇ ಕಾಯಿಲೆ ಇದೆಯೇ ಎಂಬ ಅರ್ಜಿಯ ಪ್ರಶ್ನೆಗೆ ಅಪ್ಪ, ಬಹಳ ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದೇನೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

"ಯಜಮಾನ್ರೇ, ಈ ವಯಸ್ಸಲ್ಲಿ ಬಿಪಿ ಇಲ್ದೋರು ಯಾರಿದಾರೆ ಹೇಳಿ? ಅದನ್ನೆಲ್ಲ ಕಾಯಿಲೆ ಅಂತ ಬರೆಯಲ್ಲ," ಎನ್ನುತ್ತ ಏಜೆಂಟರೇ 'ಇಲ್ಲ' ಎಂದು ತುಂಬಿದರು. ಅಪ್ಪ ನನ್ನ ಮುಖ ನೋಡಿದರು. ಆಗಲಿ ಎಂದು ನಾನು ತಲೆಯಾಡಿಸಿದೆ. ಅಪ್ಪ ಸಹಿ ಹಾಕಿದರು.

ಕಾರ್ಖಾನೆಯವರ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಕಾರ್ಖಾನೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಬರೆಯುವ ಪುಸ್ತಕವಿಲ್ಲದೆ ಯಾರನ್ನೂ ನೋಡುತ್ತಿರಲಿಲ್ಲ. ಪ್ರತಿ ಜ್ವರ, ಪ್ರತಿ ಮಾತ್ರೆ ಅದರಲ್ಲಿ ದಾಖಲಾಗುತ್ತಿತ್ತು. ಕೆಲಸ ಬಿಟ್ಟ ಮೇಲೂ ಅಮ್ಮ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಟ್ಟಿದ್ದಳು. ಹಲ್ಲಿನ ಡಾಕ್ಟರ ಬಳಿಗೂ ಒಯ್ಯುತ್ತಿದ್ದಳು.

ಮರುವರ್ಷ ಒಂದು ಬೆಳಿಗ್ಗೆ ಅಪ್ಪನಿಗೆ ಎದೆನೋವು ಬಂತು. ಬಾಡಿಗೆ ಕಾರು ಜಿಲ್ಲಾ ಕೇಂದ್ರದ ದಾರಿಯಲ್ಲಿ ಮಲವಗೊಪ್ಪ ದಾಟುವಾಗ ಅವರು ಕಾರ್ಡು ತಂದಿದ್ದೀಯಾ ಎಂದು ಎರಡು ಸಲ ಕೇಳಿದರು. ವಿನೋಬನಗರದ ನರ್ಸಿಂಗ್ ಹೋಮಿನ ವೈದ್ಯರು, ಕೂಡಲೇ ಕರಾವಳಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು. ನರ್ಸಿಂಗ್ ಹೋಮಿನಲ್ಲೇ ಇದ್ದ ವಿಮೆಯ ಮೇಜಿನಲ್ಲಿ ಕಾರ್ಡು ಕೇಳಿದಾಗ ಅಮ್ಮ ಅದರ ಜೊತೆ ಪುಸ್ತಕವನ್ನೂ ಮುಂದಿಟ್ಟಳು.

"ಎಲ್ಲಾ ಇದ್ರಲ್ಲೇ ಇದೆ, ನೋಡ್ಕೊಳ್ಳಿ. ಒಂದಿನಾನೂ ಮಾತ್ರೆ ತಪ್ಸಿಲ್ಲ ಅವ್ರು."

ಅವಳ ದನಿಯಲ್ಲಿ ಹೆಮ್ಮೆಯಿತ್ತು. ಗುಮಾಸ್ತರು ಆ ಪುಟಗಳನ್ನು ಕಂಪನಿಗೆ ಫ್ಯಾಕ್ಸ್ ಮಾಡಿದರು. ಈಗಲೇ ಹೊರಡೋಣ ಎಂದಳು ಅಮ್ಮ. ಕಂಪನಿಯ ಒಪ್ಪಿಗೆ ಬಂದ ಮೇಲೆ ಹೊರಡೋಣ, ಒಂದು ಗಂಟೆಯ ಮಾತು ಎಂದು ತಡೆದವಳು ನಾನು. ಮಧ್ಯಾಹ್ನ ಮೂರರ ಹೊತ್ತಿಗೆ ಉತ್ತರ ಬಂತು: ಕಾಯಿಲೆ ಮುಚ್ಚಿಟ್ಟು ಪಾಲಿಸಿ ಪಡೆಯಲಾಗಿದೆ, ಕೋರಿಕೆ ತಿರಸ್ಕೃತ. ಆಮೇಲೆ ಹೊರಟ ಆಂಬುಲೆನ್ಸು ತೀರ್ಥಹಳ್ಳಿ ಮುಟ್ಟುವ ಮೊದಲೇ ಅಪ್ಪ ತೀರಿಕೊಂಡರು.

ಇಂದಿಗೂ ಎಲ್ಲಿಯಾದರೂ ಮೈಕು ಸರಿಪಡಿಸುವ ಸದ್ದು ಕೇಳಿದರೆ ನನ್ನದೇ ದನಿ ಆ ಕರಪತ್ರ ಓದತೊಡಗುತ್ತದೆ; ಒಂದಕ್ಷರವೂ ತಪ್ಪುವುದಿಲ್ಲ. ಅಮ್ಮನದು ಬೇರೆಯೇ ಸಂಕಟ. ಅಕ್ಕಿ ಆರಿಸುತ್ತ ಕೂತವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸುತ್ತಾಳೆ.

"ನಾನು ಆ ಪುಸ್ತಕ ಕೊಡ್ದೇ ಇದ್ದಿದ್ರೆ ಅವ್ರು ಉಳೀತಿದ್ರು, ಅಲ್ವೇನೇ?"

ಅಲ್ಲ ಎಂದು ಎಷ್ಟು ಸಲ ಹೇಳಿದರೂ ನಂಬುವುದಿಲ್ಲ. ನಂಬಿಸಬೇಕಾದವಳು ನಾನಲ್ಲ. ಮೊನ್ನೆ ಅದೇ ಕಂಪನಿ ಪತ್ರಿಕೆಯ ಅರ್ಧ ಪುಟದಲ್ಲಿ, ಆರೋಗ್ಯ ಸುಧಾರಣೆಗೆ ಜನರ ವಿಶ್ವಾಸವೇ ಅಡಿಪಾಯ ಎಂದು ಜಾಹೀರಾತು ಕೊಟ್ಟಿತ್ತು.

ಆದ್ದರಿಂದ ಕಂಪನಿಯ ಆಡಳಿತ ಮಂಡಳಿಯನ್ನು ಈ ಮೂಲಕ ಕೇಳುತ್ತಿದ್ದೇನೆ. ಕಾಯಿಲೆ ಮುಚ್ಚಿಟ್ಟವರು ಯಾರು, ಹೇಳಿದವರೋ ಬರೆದವರೋ? ಕೋರಿಕೆ ತಿರಸ್ಕರಿಸುವ ನಿಯಮಗಳು ಕನ್ನಡದ ಕರಪತ್ರದಲ್ಲಿ ಏಕಿರಲಿಲ್ಲ? ಆ ಅರ್ಜಿಯ ಬಗ್ಗೆ ತನಿಖೆ ನಡೆಸಬೇಕು; ಅಂಥ ಸಭೆಗಳನ್ನು ಅಲ್ಲಿಯವರೆಗೆ ನಿಲ್ಲಿಸಬೇಕು. ಉತ್ತರವನ್ನು ನನಗಲ್ಲ, ನನ್ನ ತಾಯಿಗೆ, ಆಕೆ ಓದಬಲ್ಲ ಕನ್ನಡದಲ್ಲಿ, ಜವಾಬ್ದಾರರ ಸಹಿಯೊಂದಿಗೆ ಕಳುಹಿಸಬೇಕು. ನಿಜ ಹೇಳಿದ್ದು ಆಕೆಯ ತಪ್ಪಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕೆಂದು ವಿನಂತಿಸುತ್ತೇನೆ.